ಕಡಲ ದಡದ ಬಾವುಟ ಮತ್ತು ನಮ್ಮ ಅಡಿಗೆಮನೆ

ಹೋಟೆಲ್ ಬಂಧುಗಳೇ,

ಕಳೆದ ಬೇಸಿಗೆಯಲ್ಲಿ ಮದುವೆಯೊಂದರ ನಿಮಿತ್ತ ಊರಿಗೆ ಹೋಗಿದ್ದೆ. ಮರುದಿನ ಸಂಜೆ ಮನೆಯ ಮಕ್ಕಳನ್ನು ಕರೆದುಕೊಂಡು ಪಡುಬಿದ್ರಿಯ ಎಂಡ್ ಪಾಯಿಂಟ್ ಬೀಚಿಗೆ ಹೋದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಮಿನಿ ಹೊಳೆ. ಅಕ್ಕ ಕಟ್ಟಿಕೊಟ್ಟ ಗೋಳಿಬಜೆ, ಚಟ್ನಿ ಕೈಯಲ್ಲಿತ್ತು. ಬೀಚಿನ ಹೊರಗೆ ಒಂದು ಕಟ್ಟೆಯ ಮೇಲೆ ಕುಳಿತು ತಿಂದೆವು. ಚಟ್ನಿಯ ಪ್ಲಾಸ್ಟಿಕ್ ಕವರು ಗಾಳಿಗೆ ಹಾರಿ ಆಚೆ ಹೋಗಿ ಬಿತ್ತು. ನಾನು ಕಂಡೂ ಕಾಣದವನಂತೆ ಕುಳಿತೆ.

ಸೀಟಿ ಕೇಳಿಸಿತು. ಸಮವಸ್ತ್ರದ ಹುಡುಗನೊಬ್ಬ ನಡೆದು ಬರುತ್ತಿದ್ದ. ಹೈದರಾಬಾದಿನ ಅಭ್ಯಾಸ ನೋಡಿ, ಅವನು ಬಾಯಿ ತೆರೆಯುವ ಮೊದಲೇ ನನ್ನ ಕೈ ಜೇಬಿಗೆ ಹೋಗಿ ಐವತ್ತರ ನೋಟು ಹೊರಗೆ ಬಂದಿತ್ತು. ಆ ಹುಡುಗ ನೋಟು ನೋಡಿ ನಕ್ಕ. "ದುಡ್ಡು ಬೇಡ ಮಾರಾಯ್ರೆ. ಆ ಕವರು ಹೆಕ್ಕಿ ಡಬ್ಬಿಗೆ ಹಾಕಿ, ಸಾಕು" ಎಂದ. ಮಕ್ಕಳೆಲ್ಲ ನೋಡುತ್ತಿದ್ದರು. ಐವತ್ತು ದಾಟಿದ ನಾನು ಬಗ್ಗಿ ಕವರು ಹೆಕ್ಕಿ ಡಬ್ಬಿಗೆ ಹಾಕಿ ಬಂದೆ. ಐದುನೂರು ರೂಪಾಯಿ ದಂಡ ಹಾಕಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ತಪಾಸಣೆ, ಪೊಲೀಸು, ನೋಟೀಸು ಎಂದರೆ ನಮ್ಮ ಸಂಘದ ಸಭೆಗಳಲ್ಲಿ ಪ್ರತಿ ಸಲ ಒಂದೇ ಮಾತು ನಡೆಯುತ್ತದೆ: ಕಿರುಕುಳ ಜಾಸ್ತಿಯಾಯಿತು, ಸಂಘದವರು ಮೇಲಿನವರನ್ನು ನೋಡಬೇಕು. ಈ ಮಾತನ್ನು ನಾನೂ ಹಲವು ಸಲ ಆಡಿದ್ದೇನೆ. ಆದರೆ ಆ ಸಂಜೆಯ ನಂತರ ನನಗೆ ಬೇರೆ ರೀತಿ ತೋರುತ್ತಿದೆ. ನಮಗೆ ತೊಂದರೆಯಾಗಿರುವುದು ನಿಯಮ ಹೆಚ್ಚಾದದ್ದರಿಂದ ಅಲ್ಲ. ನಿಯಮ ಪಾಲನೆ ನಿತ್ಯದ ಕೆಲಸವಾಗದೆ, ಒಂದು ದಿನ ದಾಳಿಯಾಗಿ, ಉಳಿದ ದಿನ ಮಾಮೂಲಾಗಿ ನಡೆಯುತ್ತಿರುವುದೇ ತೊಂದರೆ. ಮತ್ತು ಇದಕ್ಕೆ ಅರ್ಧ ಪಾಲು ಹೊಣೆ ನಮ್ಮದು. ಓದಿ ಸಿಟ್ಟು ಬಂದರೆ ಪತ್ರಿಕೆಗೆ ಬರೆಯಿರಿ, ಆದರೆ ಕೊನೆಯವರೆಗೆ ಓದಿ.

ಬೋರ್ಡಿನ ಮೇಲೆ ಬರೆದ ನಿಯಮ

ಪಡುಬಿದ್ರಿ ಬೀಚಿಗೂ ಹೊನ್ನಾವರದ ಹತ್ತಿರದ ಕಾಸರಕೋಡು ಬೀಚಿಗೂ 2020ರ ಅಕ್ಟೋಬರ್‌ನಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತು. ಇದನ್ನು ಕೊಡುವುದು ಡೆನ್ಮಾರ್ಕ್ ದೇಶದಲ್ಲಿ ಕೇಂದ್ರ ಕಚೇರಿಯಿರುವ ಒಂದು ಪರಿಸರ ಶಿಕ್ಷಣ ಸಂಸ್ಥೆ. ಆ ವರ್ಷ ಭಾರತದಲ್ಲಿ ಒಟ್ಟು ಎಂಟು ಬೀಚುಗಳಿಗೆ ಸಿಕ್ಕಿತ್ತು, ಅದರಲ್ಲಿ ಎರಡು ನಮ್ಮ ಕರ್ನಾಟಕದವು.

ಇದಕ್ಕೆ 33 ನಿಯಮಗಳಿವೆ. ನೀರಿನ ಶುದ್ಧತೆ, ಕಸದ ಡಬ್ಬಿ, ಶೌಚಾಲಯ, ಕುಡಿಯುವ ನೀರು, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಜನರಿಗೆ ಮಾಹಿತಿ, ಹೀಗೆ. ಸಮುದ್ರದ ನೀರಿನ ಸ್ಯಾಂಪಲನ್ನು 31 ದಿನಕ್ಕಿಂತ ಹೆಚ್ಚು ಅಂತರ ಬಿಡದೆ ತೆಗೆದು ಪರೀಕ್ಷೆ ಮಾಡಿಸಬೇಕು. ಫಲಿತಾಂಶವನ್ನು ಬೀಚಿನ ಬೋರ್ಡಿನಲ್ಲೇ ಹಾಕಬೇಕು. ಮಾನ್ಯತೆ ಒಮ್ಮೆ ಸಿಕ್ಕಿತೆಂದು ಕಾಲ ಕಾಲಕ್ಕೂ ಉಳಿಯುವುದಿಲ್ಲ, ಒಂದು ಸೀಸನ್ನಿಗೆ ಮಾತ್ರ. ಪ್ರತಿ ವರ್ಷ ಹೊಸದಾಗಿ ಪರೀಕ್ಷೆ ಪಾಸಾಗಬೇಕು.

ಇಲ್ಲಿ ನನಗೆ ಹಿಡಿಸಿದ ವಿಷಯ ಒಂದೇ. ತಪ್ಪು ಏನೆಂದು ಮೊದಲೇ ಗೊತ್ತಿರುತ್ತದೆ, ತಪ್ಪಿದರೆ ಏನಾಗುತ್ತದೆಂದು ಗೊತ್ತಿರುತ್ತದೆ, ಸರಿಪಡಿಸಿದರೆ ಏನು ಸಿಗುತ್ತದೆಂದೂ ಗೊತ್ತಿರುತ್ತದೆ. ಆಂಧ್ರದವರೆಲ್ಲ ನೋಡಿರುವ ವಿಶಾಖಪಟ್ಟಣದ ಋಷಿಕೊಂಡ ಬೀಚಿನ ಉದಾಹರಣೆ ತೆಗೆದುಕೊಳ್ಳಿ. ಅದಕ್ಕೂ 2020ರಲ್ಲೇ ಬ್ಲೂ ಫ್ಲ್ಯಾಗ್ ಸಿಕ್ಕಿತ್ತು. ಕಸ, ಬೀದಿ ನಾಯಿ ಎಂದೆಲ್ಲ ದೂರು ಹೋಗಿ 2025ರ ಆರಂಭದಲ್ಲಿ ಬಾವುಟ ಇಳಿಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಧಿಕಾರಿಗಳು ಓಡಾಡಿ ಸರಿಪಡಿಸಿದರು. ಬಾವುಟ ಮತ್ತೆ ಏರಿತು. ಅದೂ ಸುದ್ದಿಯಾಯಿತು. ಬಾವುಟ ಇಳಿದದ್ದು ಎಷ್ಟು ಜನಕ್ಕೆ ಕಂಡಿತೋ ಏರಿದ್ದೂ ಅಷ್ಟೇ ಜನಕ್ಕೆ ಕಂಡಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಉದಾಹರಣೆ ಮೀನುಗಾರಿಕೆಯ ರಜೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾರಣ ಎರಡು: ಮೀನು ಮರಿ ಹಾಕುವ ಕಾಲ, ಮತ್ತು ಕಡಲು ಪ್ರಕ್ಷುಬ್ಧವಾಗಿರುವ ಕಾಲ. ಆದರೆ ನಾಡದೋಣಿಯವರಿಗೆ, 10 ಅಶ್ವಶಕ್ತಿಯೊಳಗಿನ ಸಣ್ಣ ಎಂಜಿನ್ನಿನವರಿಗೆ, ಅವಕಾಶ ಉಂಟು. ಅಂದರೆ ನಿಯಮ ಮಾಡಿದವರು ದೊಡ್ಡ ಬೋಟಿನ ಮಾಲೀಕನಿಗೂ ದಿನದ ಗಂಜಿಗೆ ಬಲೆ ಬೀಸುವವನಿಗೂ ಒಂದೇ ಅಳತೆ ಇಟ್ಟಿಲ್ಲ. ತಾರೀಖು ಎಲ್ಲರಿಗೂ ಬಾಯಿಪಾಠ. ಮೇ 31ಕ್ಕೆ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ಬಂದು ನಿಲ್ಲುತ್ತವೆ. ಕರಾವಳಿ ಕಾವಲು ಪೊಲೀಸರು ಇದ್ದಾರೆ, ಹೆಜಮಾಡಿಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಅವರ ಠಾಣೆಗಳಿವೆ. ಆದರೆ ಪೊಲೀಸರ ಭಯದಿಂದಲೇ ಎಲ್ಲ ಬೋಟು ನಿಲ್ಲುವುದಲ್ಲ. ಮೊಗವೀರರ ಊರುಗಳಲ್ಲಿ ಗುರಿಕಾರರು, ಗ್ರಾಮಸಭೆಗಳು ಇವೆ. ಪಕ್ಕದ ಬೋಟಿನವನು ನೋಡುತ್ತಾನೆ ಎಂಬ ಸಂಕೋಚ ಇದೆ.

ಊರಿನಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಪ್ರಖರ ಬೆಳಕು ಬಿಟ್ಟು ಮೀನು ಹಿಡಿಯುವುದನ್ನು 2017ರಲ್ಲೇ ನಿಷೇಧಿಸಿದ್ದರೂ ಅದು ನಿಂತಿಲ್ಲವೆಂದು ನಾಡದೋಣಿಯವರು ಆ ಮೇಲೂ ಪ್ರತಿಭಟನೆ ಮಾಡಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲೆಯ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ಸಮುದ್ರಪಾಲಾದರು. ಅದಾದ ಮೇಲೆ ಬೀಚು ಬಂದ್ ಮಾಡಿದರು, ಈಜಲು ಸುರಕ್ಷಿತ ಜಾಗ ಗುರುತಿಸಿದರು. ಆ ಗುರುತನ್ನು ಆ ಮಕ್ಕಳು ನೀರಿಗಿಳಿಯುವ ಮೊದಲು ಹಾಕಿದ್ದರೆ ಎಂದು ಯಾರಿಗಾದರೂ ಅನಿಸದೇ ಇರದು.

ಇಲ್ಲಿ ಹೈದರಾಬಾದಿನಲ್ಲಿ

ನಮ್ಮಲ್ಲೂ ಅದೇ ಆಯಿತು. 2024ರ ಅಕ್ಟೋಬರ್ ಕೊನೆಯಲ್ಲಿ ಬಂಜಾರಾ ಹಿಲ್ಸ್ ಕಡೆ ಮೊಮೊ ತಿಂದು ಒಬ್ಬ ಮಹಿಳೆ ತೀರಿಕೊಂಡರು, ಹಲವಾರು ಮಂದಿ ಆಸ್ಪತ್ರೆ ಸೇರಿದರು. ಅದರ ಬೆನ್ನಿಗೇ ಹಸಿ ಮೊಟ್ಟೆಯ ಮೇಯನೇಸನ್ನು ತೆಲಂಗಾಣ ಸರ್ಕಾರ ಒಂದು ವರ್ಷ ನಿಷೇಧಿಸಿತು. ಸರಿಯಾದದ್ದೇ. ಆದರೆ ಹಸಿ ಮೊಟ್ಟೆ ಬಿಸಿಲಿನಲ್ಲಿ ಇಟ್ಟರೆ ಕೆಡುತ್ತದೆಂದು ತಿಳಿಯಲು ಒಂದು ಜೀವ ಹೋಗಬೇಕಿರಲಿಲ್ಲ. ವಾರಕ್ಕೊಮ್ಮೆ ಯಾರಾದರೂ ಗಾಡಿಗಳ ಹತ್ತಿರ ಹೋಗಿ ಡಬ್ಬಿ ತೆರೆಸಿ ನೋಡಿದ್ದರೆ ಸಾಕಿತ್ತು.

ಅದೇ ವರ್ಷ ಏಪ್ರಿಲ್‌ನಿಂದ ಆಹಾರ ಸುರಕ್ಷತೆಯ ಟಾಸ್ಕ್‌ಫೋರ್ಸ್ ತಂಡಗಳು ನಗರದ ಹೋಟೆಲುಗಳಲ್ಲಿ ತಪಾಸಣೆ ಆರಂಭಿಸಿ, ಕಂಡದ್ದನ್ನು ಫೋಟೋ ಸಹಿತ ಎಕ್ಸ್ ಜಾಲತಾಣದಲ್ಲಿ ಹಾಕತೊಡಗಿದವು. ದೊಡ್ಡ ಹೆಸರಿನ ಹೋಟೆಲುಗಳೂ ಸಿಕ್ಕಿಬಿದ್ದವು. ಆ ಪಟ್ಟಿಗಳನ್ನು ನಾನು ಕುಳಿತು ಓದಿದ್ದೇನೆ. ಅವಧಿ ಮೀರಿದ ಸಾಮಾನು, ಜಿರಲೆ, ಕೊಳೆತ ತರಕಾರಿ, ಇವು ನಿಜಕ್ಕೂ ತಲೆ ತಗ್ಗಿಸುವಂಥವು. ಅವರ ಪರ ನಾನು ಮಾತಾಡುವುದಿಲ್ಲ. ಆದರೆ ಮತ್ತೆ ಮತ್ತೆ ಬರುವ ಸಾಲುಗಳು ಬೇರೆ: ಕಸದ ಡಬ್ಬಿಗೆ ಮುಚ್ಚಳವಿಲ್ಲ, ಫ್ರಿಜ್ಜಿನಲ್ಲಿಟ್ಟ ಪದಾರ್ಥಕ್ಕೆ ಚೀಟಿ ಇಲ್ಲ, ಕೆಲಸಗಾರರ ಮೆಡಿಕಲ್ ಸರ್ಟಿಫಿಕೇಟ್ ಇಲ್ಲ, ಕೀಟ ನಿಯಂತ್ರಣದ ದಾಖಲೆ ಇಲ್ಲ, ಲೈಸೆನ್ಸ್ ಪ್ರತಿ ಎದುರಿಗೆ ಹಾಕಿಲ್ಲ. ಎದೆ ಮುಟ್ಟಿ ಹೇಳಿ, ಇವುಗಳಲ್ಲಿ ಒಂದಾದರೂ ಇಂದು ನಿಮ್ಮ ಹೋಟೆಲಿನಲ್ಲಿ ಇಲ್ಲವೇ?

ನನ್ನಲ್ಲಿ ಇತ್ತು. ಕೆಲವು ವರ್ಷಗಳ ಹಿಂದಿನ ಮಾತು, ಯಾವ ಇಲಾಖೆ ಎಂದು ಬರೆಯುವುದಿಲ್ಲ, ಅದು ಮುಖ್ಯವಲ್ಲ. ಬೆಳಗಿನ ಹನ್ನೊಂದು ಗಂಟೆ. ಟಿಫಿನ್ ರಶ್ ಇಳಿದು ಮಧ್ಯಾಹ್ನದ ಊಟದ ತಯಾರಿ ನಡೆದಿತ್ತು. ನಾಲ್ಕು ಜನ ನೇರ ಒಳಗೆ ಹೋದರು. ಫ್ರಿಜ್ಜಿನಲ್ಲಿ ಹಿಂದಿನ ರಾತ್ರಿಯ ಎರಡು ಡಬ್ಬಿ ಗ್ರೇವಿ ಇತ್ತು. ಕೆಟ್ಟಿರಲಿಲ್ಲ, ಆದರೆ ತಾರೀಖಿನ ಚೀಟಿ ಇರಲಿಲ್ಲ. ಪಾತ್ರೆ ತೊಳೆಯುವ ಜಾಗದ ಡಬ್ಬಿಗೆ ಮುಚ್ಚಳ ಇರಲಿಲ್ಲ. ಆರು ಜನ ಹುಡುಗರ ಮೆಡಿಕಲ್ ಸರ್ಟಿಫಿಕೇಟ್ ಮೂರು ತಿಂಗಳ ಹಿಂದೆ ಮುಗಿದಿತ್ತು. ಮೂರೂ ನನ್ನ ತಪ್ಪೇ. ಒಪ್ಪಿಕೊಂಡೆ.

ಫೋಟೋ ತೆಗೆದರು. ಮರುದಿನ ಒಂದು ತೆಲುಗು ಪತ್ರಿಕೆಯಲ್ಲಿ ನನ್ನ ಹೋಟೆಲಿನ ಹೆಸರು ಬಂತು. ಅದೇ ಸಾಲಿನಲ್ಲಿ ಹುಳ ಬಿದ್ದ ಮಾಂಸ ಸಿಕ್ಕಿದ ಇನ್ನೊಂದು ಹೋಟೆಲಿನ ಹೆಸರೂ ಇತ್ತು. ಓದುವವರಿಗೆ ಎರಡೂ ಒಂದೇ. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂದು ವಾರ ಬರಲಿಲ್ಲ. ಎಂಟನೆಯ ದಿನ ಬಂದು, "ಏಮಯ್ಯಾ, ನೀನೂ ಹೀಗೇ ಏನು?" ಎಂದು ಕೇಳಿದರು. ಗಲ್ಲೆ ಅರ್ಧಕ್ಕಿಳಿದದ್ದು ನನಗೆ ಅಷ್ಟು ನೋವಾಗಲಿಲ್ಲ. ಆ ಪ್ರಶ್ನೆ ನೋವಾಯಿತು.

ಮೂರು ತಪ್ಪನ್ನೂ ನಾಲ್ಕೇ ದಿನದಲ್ಲಿ ಸರಿಪಡಿಸಿದೆ. ಕಾಗದ ಬರೆದು ತಿಳಿಸಿದೆ. ಯಾರೂ ಮತ್ತೆ ಬಂದು ನೋಡಲಿಲ್ಲ. ಯಾವ ಪತ್ರಿಕೆಯಲ್ಲೂ ಸರಿಪಡಿಸಿದ ಸುದ್ದಿ ಬರಲಿಲ್ಲ. ಋಷಿಕೊಂಡದ ಮಾತು ನೆನಪಿಟ್ಟುಕೊಳ್ಳಿ ಎಂದೆನಲ್ಲ, ಅದು ಇದಕ್ಕೆ. ನನ್ನ ಬಾವುಟ ಇಳಿದದ್ದು ಊರಿಗೆಲ್ಲ ಕಂಡಿತು, ಮತ್ತೆ ಏರಿದ್ದು ನನಗೊಬ್ಬನಿಗೆ ಗೊತ್ತು.

ಕಾನೂನು ಏನು ಹೇಳುತ್ತದೆ

ಎಸ್ಸೆಸ್ಸೆಲ್ಸಿ ಓದಿದ ನಾನು ಕಾನೂನು ಪಂಡಿತನಲ್ಲ. ಆದರೆ ಆ ಪ್ರಸಂಗದ ನಂತರ ಪರಿಚಯದ ವಕೀಲರ ಹತ್ತಿರ ಕುಳಿತು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಪೈಕಿ ಬಹಳ ಜನರಿಗೆ ಇದು ಗೊತ್ತಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2011ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಅದರ 32ನೇ ಕಲಮಿನಲ್ಲಿ 'ಇಂಪ್ರೂವ್‌ಮೆಂಟ್ ನೋಟೀಸ್' ಎಂದು ಇದೆ. ತಪ್ಪು ಏನು, ಅದನ್ನು ಸರಿಪಡಿಸಲು ಏನು ಮಾಡಬೇಕು ಎಂದು ಬರಹದಲ್ಲಿ ಕೊಡಬೇಕು. ಕನಿಷ್ಠ ಹದಿನಾಲ್ಕು ದಿನ ಸಮಯ ಕೊಡಬೇಕು. ಆಗಲೂ ಸರಿಪಡಿಸದಿದ್ದರೆ ಲೈಸೆನ್ಸ್ ಅಮಾನತು, ಆಮೇಲೆ ರದ್ದು. ಇದರ ಮೇಲೆ ಅಪೀಲಿಗೂ ದಾರಿ ಇದೆ. ಜನರ ಪ್ರಾಣಕ್ಕೆ ಕೂಡಲೇ ಅಪಾಯವಿದ್ದರೆ ತಕ್ಷಣ ಮುಚ್ಚಿಸಲು 34ನೇ ಕಲಮು ಬೇರೆ ಇದೆ. ಅಂದರೆ ಮುಚ್ಚಳವಿಲ್ಲದ ಡಬ್ಬಿಗೆ ಒಂದು ದಾರಿ, ಕೊಳೆತ ಮಾಂಸಕ್ಕೆ ಇನ್ನೊಂದು ದಾರಿ ಎಂದು ಕಾನೂನೇ ಬೇರೆ ಬೇರೆ ಇಟ್ಟಿದೆ.

ಸ್ಯಾಂಪಲ್ ವಿಷಯವೂ ಹಾಗೆಯೇ. ಆಹಾರದ ಸ್ಯಾಂಪಲ್ ತೆಗೆದರೆ ಅಧಿಕಾರಿ ಬರಹದಲ್ಲಿ ತಿಳಿಸಬೇಕು, ಅದರ ಬೆಲೆ ಕೊಡಬೇಕು, ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು. ನಾವು ಕೇಳಿದರೆ ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಬೇಕು. ಹೀಗೆ ಕೇಳಿದ ಒಬ್ಬ ಹೋಟೆಲಿನವನನ್ನೂ ನಾನು ಈವರೆಗೆ ನೋಡಿಲ್ಲ. ನಾವು ಕೇಳುವುದು ಒಂದೇ: "ಸಾರ್, ಏನಾದರೂ ಅಡ್ಜಸ್ಟ್ ಮಾಡಿ."

ವಿನಾಕಾರಣ ಕಿರುಕುಳ ಕೊಡಲು ವಸ್ತು ಜಪ್ತಿ ಮಾಡಿದ ಅಧಿಕಾರಿಗೂ ಅದೇ ಕಾಯ್ದೆಯ 39ನೇ ಕಲಮಿನಲ್ಲಿ ದಂಡ ಇದೆ. ಸುಳ್ಳು ದೂರು ಕೊಟ್ಟರೆ ದೂರು ಕೊಟ್ಟವರಿಗೂ ಇದೆ. ನ್ಯಾಯವೇ.

ಇನ್ನು ನಮ್ಮ ಕಡೆಯ ಕರ್ತವ್ಯ. ಆಹಾರ ಮುಟ್ಟುವ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯಿಡ್ ಲಸಿಕೆ ಆಗಬೇಕು. ಕರಿದ ಎಣ್ಣೆಯಲ್ಲಿ ಟಿಪಿಸಿ ಎಂಬ ಅಳತೆ ಶೇಕಡಾ 25 ದಾಟಬಾರದೆಂದು 2018ರ ಜುಲೈನಿಂದ ನಿಯಮವಿದೆ. ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರು 2022ರ ಜನವರಿಯಿಂದ ಇರಬೇಕು. ಅಧಿಕಾರಿಗಳು ತಪಾಸಣೆಗೆ ತರುವ ಪ್ರಶ್ನೆಪಟ್ಟಿ ಗುಟ್ಟಿನದಲ್ಲ, ಎಫ್‌ಎಸ್‌ಎಸ್‌ಎಐ ಜಾಲತಾಣದಲ್ಲೇ ಇದೆ. ಅದರಲ್ಲಿ ನಕ್ಷತ್ರದ ಗುರುತು ಹಾಕಿದ ಪ್ರಶ್ನೆಗಳು ಅತಿ ಮುಖ್ಯವಾದವು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೈಯಲ್ಲಿದ್ದರೂ ಫೇಲಾಗುವವರು ನಾವು.

ಒಂದು ಪೆಟ್ಟಿ ಕೇಸಿನ ಕಥೆ

ಈಗ ಮನಸ್ಸಿಗೆ ಬಹಳ ಕಷ್ಟ ಕೊಟ್ಟ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ.

ಸಂಜೆ ಬೀಟಿನವರು ಬಂದರೆ ಕಾಫಿ, ಕೆಲವು ದಿನ ಟಿಫಿನ್ ಪಾರ್ಸೆಲ್, ಹಬ್ಬಕ್ಕೆ ಸ್ವೀಟ್ ಬಾಕ್ಸ್. ಇದು ನಮಗೆಲ್ಲ ಹೊಸತಲ್ಲ. ಅವರಲ್ಲಿ ಒಳ್ಳೆಯವರಿದ್ದರು, ದುಡ್ಡು ಕೊಡಲು ಬಂದವರೂ ಇದ್ದರು. ಬೇಡ ಎಂದು ಕೈ ಮುಗಿದವನು ನಾನೇ. ಅದರ ಬದಲಿಗೆ ರಾತ್ರಿ ಅರ್ಧ ಗಂಟೆ ತಡವಾಗಿ ಶಟರ್ ಇಳಿಸಿದರೆ, ಫುಟ್‌ಪಾತಿನಲ್ಲಿ ನಾಲ್ಕು ಕುರ್ಚಿ ಹಾಕಿದರೆ ಯಾರೂ ಕೇಳುತ್ತಿರಲಿಲ್ಲ. ಹಾಗಾದರೆ ಆ ಕಾಫಿ ಪುಕ್ಕಟೆಯಲ್ಲ. ನಾನು ಕಾನೂನಿಗೆ ಕಟ್ಟಿದ ಬಾಡಿಗೆ.

ಈ ಬಾಡಿಗೆಗೆ ಇನ್ನೊಂದು ಕಂತು ಇತ್ತು. ಆಗಾಗ, "ಈ ತಿಂಗಳು ಕೇಸು ತೋರಿಸಬೇಕು ಸೇಟ್, ಒಬ್ಬನನ್ನು ಕಳಿಸಿ" ಎಂದು ಹೇಳಿ ಕಳಿಸುತ್ತಿದ್ದರು. ನಾವು ಒಬ್ಬ ಹುಡುಗನನ್ನು ಕಳಿಸುವುದು, ಅವನು ಕೋರ್ಟಿನಲ್ಲಿ ತಪ್ಪಾಯಿತು ಎಂದು ಹೇಳಿ ಸಣ್ಣ ದಂಡ ಕಟ್ಟುವುದು, ದಂಡದ ದುಡ್ಡು ಗಲ್ಲೆಯಿಂದ. ಎಲ್ಲರೂ ಹೀಗೇ ಮಾಡುತ್ತಿದ್ದರು, ನಾನೂ ಮಾಡಿದೆ. ಒಂದು ಸಲ ಕಳಿಸಿದ್ದು ಬೈಂದೂರು ಕಡೆಯ ಹುಡುಗನನ್ನು. ಹತ್ತೊಂಬತ್ತು ವರ್ಷ. ಟೇಬಲ್ ಒರೆಸುತ್ತಿದ್ದ. ಕುರ್ಚಿ ಹಾಕಿದವನು ನಾನು, ಲಾಭ ತೆಗೆದವನು ನಾನು, ಕಟಕಟೆಯಲ್ಲಿ ನಿಂತವನು ಅವನು.

ಮೂರು ವರ್ಷದ ನಂತರ ಅವನಿಗೆ ದುಬೈಯಲ್ಲಿ ಹೋಟೆಲ್ ಕೆಲಸ ಗೊತ್ತಾಯಿತು. ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಷನ್ ಬಂದಾಗ ಹಳೆಯ ಕೇಸು ಎದುರಿಗೆ ಬಂತು. ಅದು ಏನೂ ಅಲ್ಲದ ಕೇಸು ಎಂದು ಹೇಳಿಸಲು, ಕಾಗದ ತೆಗೆಯಲು ಎರಡು ತಿಂಗಳು ಅಲೆದ. ನಾನೂ ಅವನ ಜೊತೆ ಹೋದೆ. ಕೊನೆಗೆ ಕಾಗದ ಸಿಕ್ಕಿತು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಅವನು ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಇರಲಿ ಧಣಿ, ನನ್ನ ಹಣೆಬರಹ" ಎಂದ. ಅವನ ಹಣೆಬರಹ ಬರೆದವನು ನಾನು ಎಂದು ನನಗೆ ಗೊತ್ತಿತ್ತು.

ಅಂದಿನಿಂದ ನನ್ನ ಹೋಟೆಲಿನಿಂದ ಯಾವ ಹುಡುಗನನ್ನೂ ಹಾಗೆ ಕಳಿಸಿಲ್ಲ. ತಪ್ಪಿದ್ದರೆ ನಾನೇ ಹೋಗುತ್ತೇನೆ ಎಂದು ಹೇಳಿದೆ. ಮೊದಲು ಸ್ವಲ್ಪ ಬಿಸಿಯಾಯಿತು. ಫುಟ್‌ಪಾತಿನ ಕುರ್ಚಿ ಒಳಗೆ ತೆಗೆದೆ, ದಿನಕ್ಕೆ ಒಂದಷ್ಟು ಗಿರಾಕಿ ಕಡಿಮೆಯಾದರು. ಹೇಳಿದ ಸಮಯಕ್ಕೆ ಶಟರ್ ಇಳಿಸಿದೆ. ಒಂದೆರಡು ತಿಂಗಳಾದ ಮೇಲೆ ಯಾರೂ ಏನೂ ಕೇಳಲಿಲ್ಲ. ಕೇಳಲು ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಆಕ್ಷೇಪಗಳು

ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. "ನಿತ್ಯ ತಪಾಸಣೆ ಬೇಕು ಎನ್ನುತ್ತೀರಿ. ಈಗ ವರ್ಷಕ್ಕೆ ಎರಡು ಸಲ ಬಂದರೆ ಎರಡು ಸಲ ಕೊಡುತ್ತೇವೆ, ತಿಂಗಳಿಗೊಮ್ಮೆ ಬಂದರೆ ಹನ್ನೆರಡು ಸಲ ಕೊಡಬೇಕಲ್ಲ?" ಈ ಭಯ ಸುಳ್ಳಲ್ಲ. ಆದರೆ ಕೊಡುವುದು ಯಾಕೆ? ಫ್ರಿಜ್ಜಿನಲ್ಲಿ ಚೀಟಿ ಇಲ್ಲದ ಡಬ್ಬಿ ಇರುವುದರಿಂದ. ಅದು ಇಲ್ಲದಿದ್ದ ದಿನ ಕೊಡುವ ಕಾರಣವೂ ಇರದು. ಹಾಗಿದ್ದೂ ಕೇಳಿದರೆ ಆಗ ಸಂಘ ನಮ್ಮ ಬೆನ್ನಿಗೆ ನಿಲ್ಲಬಹುದು. ತಪ್ಪಿದ್ದವನ ಬೆನ್ನಿಗೆ ಸಂಘ ನಿಂತರೆ ಸಂಘದ ಬೆನ್ನು ಮುರಿಯುತ್ತದೆ.

ಎರಡನೆಯದು, "ಸಣ್ಣ ಹೋಟೆಲಿಗೂ ಸ್ಟಾರ್ ಹೋಟೆಲಿಗೂ ಒಂದೇ ನಿಯಮವೇ?" ಈ ಪ್ರಶ್ನೆ ನ್ಯಾಯವಾದದ್ದು. ಹತ್ತು ಟೇಬಲ್ಲಿನ ಹೋಟೆಲಿನವನು ಪ್ರತಿ ಕಾಗದಕ್ಕೆ ಒಬ್ಬ ಮ್ಯಾನೇಜರನ್ನು ಇಡಲಾರ. ನಾಡದೋಣಿಗೆ ಇರುವ ರಿಯಾಯಿತಿಯಂತೆ ಕಾಗದ ಪತ್ರದಲ್ಲಿ, ಫೀಸಿನಲ್ಲಿ ಸಣ್ಣವರಿಗೆ ರಿಯಾಯಿತಿ ಕೇಳೋಣ. ಆದರೆ ಜಿರಲೆಗೆ ರಿಯಾಯಿತಿ ಕೇಳುವುದು ಬೇಡ. ಸಣ್ಣ ಹೋಟೆಲಿನಲ್ಲಿ ತಿಂದವನಿಗೂ ವಾಂತಿ ಭೇದಿ ಒಂದೇ.

ಮೂರನೆಯದು ಮುಚ್ಚುವ ಸಮಯ. ಮೊದಲೆಲ್ಲ ಒಂದು ಠಾಣೆಯ ವ್ಯಾಪ್ತಿಯಲ್ಲಿ ಒಂದು ಸಮಯ, ರಸ್ತೆ ದಾಟಿದರೆ ಇನ್ನೊಂದು ಎಂಬಂತಿತ್ತು. 2024ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರು ವಿಧಾನಸಭೆಯಲ್ಲೇ, ಮದ್ಯದಂಗಡಿ ಬಿಟ್ಟು ಇತರ ವ್ಯಾಪಾರ ರಾತ್ರಿ ಒಂದು ಗಂಟೆಯವರೆಗೆ ನಡೆಯಬಹುದೆಂದು ಹೇಳಿದರು. ನಮ್ಮಂಥವರಿಗೆ ಒಂದು ಗಂಟೆಯೋ ಹನ್ನೊಂದು ಗಂಟೆಯೋ ಎನ್ನುವುದಕ್ಕಿಂತ, ಎಲ್ಲರಿಗೂ ಒಂದೇ ಸಮಯ, ಅದು ಬರಹದಲ್ಲಿ ನಮ್ಮ ಕೈಯಲ್ಲಿ ಇರುವುದು ಮುಖ್ಯ. ಬರಹದಲ್ಲಿ ಇಲ್ಲದ ಜಾಗದಲ್ಲೇ ಮಾಮೂಲು ಹುಟ್ಟುವುದು.

ನನ್ನ ಸಲಹೆಗಳು

ಬರೀ ದೂರಿ ಮುಗಿಸುವುದು ಬೇಡವೆಂದು ನಾಲ್ಕು ಸಲಹೆ ಇಡುತ್ತೇನೆ.

ಒಂದು, ಪ್ರತಿ ಹೋಟೆಲಿನಲ್ಲೂ ಒಂದು ನೂರು ಪುಟದ ನೋಟ್ ಬುಕ್ ಇಡೋಣ. ರಾತ್ರಿ ಗಲ್ಲೆ ಲೆಕ್ಕ ಮಾಡುವಾಗಲೇ ಹತ್ತು ನಿಮಿಷ ಅಡಿಗೆಮನೆ ಸುತ್ತಿ, ಫ್ರಿಜ್, ಡಬ್ಬಿ, ಚರಂಡಿ, ಎಣ್ಣೆ, ನೀರಿನ ಟ್ಯಾಂಕ್, ಹುಡುಗರ ಉಗುರು, ಇವಿಷ್ಟು ನೋಡಿ ಬರೆದು ಸಹಿ ಹಾಕೋಣ. ನಾನು ಮಾಡುತ್ತಿದ್ದೇನೆ. ಮೊದಲ ತಿಂಗಳು ನಮ್ಮ ಭಟ್ಟರು ಮುಖ ಗಂಟು ಹಾಕಿದರು. ಈಗ ನಾನು ಊರಿಗೆ ಹೋದ ದಿನ ಅವರೇ ಬರೆದಿಡುತ್ತಾರೆ.

ಎರಡು, ಸಂಘದಿಂದ ಐದೈದು ಹೋಟೆಲುಗಳ ಗುಂಪು ಮಾಡೋಣ. ತಿಂಗಳಿಗೊಮ್ಮೆ ಒಬ್ಬರ ಅಡಿಗೆಮನೆಯನ್ನು ಉಳಿದ ನಾಲ್ವರು ಆ ಸರ್ಕಾರಿ ಪ್ರಶ್ನೆಪಟ್ಟಿ ಹಿಡಿದೇ ನೋಡುವುದು. ಕಂಡದ್ದನ್ನು ಮಾಲೀಕನಿಗೆ ಮಾತ್ರ ಹೇಳುವುದು. ಕಡಲಿನವರಿಗೆ ಪಕ್ಕದ ಬೋಟಿನವನ ಕಣ್ಣು ಇದ್ದ ಹಾಗೆ ನಮಗೂ ಒಂದು ಕಣ್ಣು ಬೇಕು. ನಮ್ಮವರೇ ನೋಡಿ ಹೇಳಿದರೆ ಮರ್ಯಾದೆ ಉಳಿಯುತ್ತದೆ.

ಮೂರು, ಸರ್ಕಾರಕ್ಕೆ ಸಂಘದಿಂದ ಮನವಿ ಕೊಡೋಣ. ತಪಾಸಣೆ ನಿಲ್ಲಿಸಿ ಎಂದಲ್ಲ. ಸಣ್ಣ ತಪ್ಪಿಗೆ ಮೊದಲು ಬರಹದ ನೋಟೀಸು ಕೊಡಿ, ಕಾನೂನಿನಲ್ಲಿರುವ ಸಮಯ ಕೊಡಿ, ಮತ್ತೆ ಬಂದು ನೋಡಿ. ಮತ್ತು ತಪ್ಪಿನ ಫೋಟೋ ಎಲ್ಲಿ ಹಾಕಿದಿರೋ ಅಲ್ಲಿಯೇ ಸರಿಪಡಿಸಿದ ಫೋಟೋ ಹಾಕಿ. ಹೆಸರು ಕೆಡಿಸುವ ಅಧಿಕಾರ ಇದ್ದವರಿಗೆ ಹೆಸರು ಮರಳಿ ಕೊಡುವ ಕರ್ತವ್ಯವೂ ಇರಬೇಕು.

ನಾಲ್ಕು, ಹುಡುಗರನ್ನು ಪೆಟ್ಟಿ ಕೇಸಿಗೆ ಕಳಿಸುವುದನ್ನು ಇಂದೇ ನಿಲ್ಲಿಸೋಣ. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ, ಸಂಘದ ನಿರ್ಣಯ ಬೇಡ. ಊರಿನಿಂದ ತಂದೆ ತಾಯಿ ನಮ್ಮನ್ನು ನಂಬಿ ಕಳಿಸಿದ ಮಕ್ಕಳು ಅವರು. ಒಂದು ಕಾಲದಲ್ಲಿ ನಾವೂ ಹಾಗೇ ಬಂದವರು, ಬಕೆಟ್ ಹಿಡಿದು ಟೇಬಲ್ ಒರೆಸಿದವರು. ಅಂದು ನಮ್ಮ ಧಣಿಗಳು ನಮ್ಮನ್ನು ಕಳಿಸಿದ್ದರೆ ನಾವು ಇಂದು ಎಲ್ಲಿರುತ್ತಿದ್ದೆವೋ.

ಪಡುಬಿದ್ರಿಯ ಆ ಹುಡುಗನ ವಯಸ್ಸೂ ಹತ್ತೊಂಬತ್ತು ಇಪ್ಪತ್ತೇ ಇರಬೇಕು. ಅವನು ನನ್ನ ಐವತ್ತು ರೂಪಾಯಿ ತೆಗೆದುಕೊಂಡಿದ್ದರೆ ಆ ಕವರು ಅಲ್ಲೇ ಬಿದ್ದಿರುತ್ತಿತ್ತು, ನಾಳೆ ಇನ್ನೊಂದು ಬೀಳುತ್ತಿತ್ತು. ತೆಗೆದುಕೊಳ್ಳಲಿಲ್ಲ, ನನ್ನಿಂದಲೇ ಹೆಕ್ಕಿಸಿದ. ಇಲ್ಲಿ ನಮ್ಮ ಬಾಗಿಲಿಗೆ ಬರುವವರು ಅವನ ಹಾಗೆ ಇರಬೇಕು ಎಂದು ಕೇಳುವ ಮೊದಲು, ನೋಟು ಹಿಡಿದ ನಮ್ಮ ಕೈ ಜೇಬಿಗೆ ಮರಳಬೇಕು.

ಮುಂದಿನ ಮಾಸಿಕ ಸಭೆಯಲ್ಲಿ ಐದು ಹೋಟೆಲುಗಳ ಗುಂಪಿನ ವಿಷಯ ಚರ್ಚೆಗೆ ಇಡಬೇಕೆಂದು ಅಧ್ಯಕ್ಷರಲ್ಲಿಯೂ ಕಾರ್ಯದರ್ಶಿಗಳಲ್ಲಿಯೂ ಈ ಮೂಲಕ ವಿನಂತಿಸುತ್ತೇನೆ. ಮೊದಲು ನೋಡಲು ಯಾವ ಅಡಿಗೆಮನೆ ಎಂಬ ಪ್ರಶ್ನೆ ಬಂದರೆ, ನನ್ನ ಅಡಿಗೆಮನೆಯ ಬಾಗಿಲು ತೆರೆದಿದೆ. ತಿಳಿಸದೆ ಬನ್ನಿ.

ಇತಿ ನಿಮ್ಮವ,
ಓರ್ವ ಸದಸ್ಯ, ಹೈದರಾಬಾದ್